ನೆಟ್ ಇಲ್ಲದೆ ಹತ್ತಿದ ದೀಪ

ಇವತ್ತು ಸಂಜೆ ಇಂಟರ್ನೆಟ್ ಇರಲಿಲ್ಲ. ಆದರೂ ಮೆಟ್ಟಿಲ ಹತ್ತಿರ ಬಂದ ಕೂಡಲೇ ದೀಪ ತಾನಾಗಿಯೇ ಹತ್ತಿಕೊಂಡಿತು. ಎಷ್ಟು ಖುಷಿಯಾಯಿತು ಗೊತ್ತಾ!

ಗೋಡೆ ಮೇಲಿರುವುದು ಪುಟ್ಟ ಪಿಐಆರ್ ಸೆನ್ಸರ್. ಮೈಯ ಶಾಖ ಅದರ ಮುಂದೆ ಸರಿದಾಡಿದರೆ ಸಾಕು, ಗುರುತಿಸುತ್ತದೆ. ಜೊತೆಗಿರುವ ಇಎಸ್‌ಪಿ32 ಅನ್ನೋ ವೈಫೈ ಇರುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಆ ಸುದ್ದಿಯನ್ನು ಮನೆಯ ವೈಫೈನಲ್ಲೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಅದರೊಳಗಿನ ಹೋಮ್ ಅಸಿಸ್ಟೆಂಟ್ ದೀಪ ಹಾಕುತ್ತದೆ. (2013ರಲ್ಲಿ ಶುರುವಾದ, ಕೋಡ್ ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು, ದುಡ್ಡು ಕೊಡಬೇಕಿಲ್ಲ.) ಎಲ್ಲ ಮನೆಯೊಳಗೇ ಮುಗಿಯಿತು. ನಾನು ಯಾವಾಗ ಮೆಟ್ಟಿಲು ಹತ್ತಿದೆ ಅನ್ನೋದು ದೂರದ ಯಾವುದೋ ಸರ್ವರ್‌ಗೆ ಯಾಕೆ ಗೊತ್ತಾಗಬೇಕು, ಅಲ್ವಾ?

ಶುರು ಮಾಡುವ ಆಸೆ ಇದ್ದವರು ಮೊದಲು ಒಂದೇ ದೀಪಕ್ಕೆ ಮಾಡಿ ನೋಡಿ. ಗೋಡೆಯ ಸ್ವಿಚ್ಚೂ ಕೆಲಸ ಮಾಡುವಂತಿರಲಿ, ಮನೆಗೆ ಬಂದವರಿಗೆ ಆ್ಯಪ್ ಯಾಕೆ? ಕರೆಂಟ್ ವೈರಿನ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ.