ಹಡಗಿನ ಹೆಸರಿದ್ದರೆ ಸಾಲದು

ಟ್ರೂಪ್‌ಶಿಪ್ (ಸೈನಿಕರನ್ನು ಸಾಗಿಸಿದ ಹಡಗು) ನೆನಪಿನ ವಸ್ತು ಅಂತ ಮಾರಾಟಕ್ಕೆ ಬರುವ ಎಷ್ಟೋ ಸಾಮಾನು ಯುದ್ಧವನ್ನೇ ಕಂಡಿರುವುದಿಲ್ಲ. ಬಣ್ಣದ ಚಿತ್ರದ ಮೆನು ಕಾರ್ಡು, ಎನಾಮೆಲ್ ಲಾಂಛನದ ಚಮಚ, ಹಡಗಿನ ಹೆಸರು ನೇಯ್ದ ಟೋಪಿ ಪಟ್ಟಿ ಎಲ್ಲವೂ ಶಾಂತಿಕಾಲದಲ್ಲಿ ಪ್ರಯಾಣಿಕರು ಊಟದ ಮೇಜಿನಿಂದ ಎತ್ತಿಟ್ಟುಕೊಂಡವು ಇಲ್ಲವೇ ಹಡಗಿನ ಅಂಗಡಿಯಲ್ಲಿ ಕೊಂಡವು. ಅದೇ ಹಡಗು ಮುಂದೆ ಸೈನಿಕರನ್ನು ಹೊತ್ತಿತು ಎಂಬ ಒಂದೇ ಕಾರಣಕ್ಕೆ ಚಮಚಕ್ಕೂ ಯುದ್ಧದ ಬೆಲೆ ಕಟ್ಟುತ್ತಾರೆ. ಹಡಗು, ದಿನಾಂಕ, ತುಕಡಿ ಈ ಮೂರರಲ್ಲಿ ಎರಡಾದರೂ ವಸ್ತುವಿನ ಮೇಲೇ ಸಿಗಬೇಕು. ಮೂರನೆಯದನ್ನು ಪುಸ್ತಕದಿಂದ ಹುಡುಕಿಕೊಳ್ಳಬಹುದು. ಸೇನಾ ಇತಿಹಾಸದ ಪುಸ್ತಕಗಳನ್ನೂ ಹಡಗಿನ ಚೂರುಪಾರು ಕಾಗದಗಳನ್ನೂ ಒಟ್ಟಿಗೆ ಸಂಗ್ರಹಿಸಬೇಕು ಅನ್ನುವುದು ಇದಕ್ಕೇ: ಒಂದು ಇನ್ನೊಂದಕ್ಕೆ ಸಾಕ್ಷಿ.

ಹಡಗಿನ ಹೆಸರೊಂದನ್ನೇ ನಂಬಿದರೆ ಏನಾಗುತ್ತದೆ ನೋಡಿ. ಮಾರಿಟೇನಿಯಾ ಹೆಸರಿನ ಹಡಗು ಎರಡು. 1907ರಲ್ಲಿ ಯಾನ ಶುರುಮಾಡಿದ್ದಕ್ಕೆ ನಾಲ್ಕು ಹೊಗೆಕೊಳವೆ, 1939ರದ್ದಕ್ಕೆ ಎರಡು. ಮೊದಲನೆಯದು ಒಂದನೇ ಮಹಾಯುದ್ಧದಲ್ಲಿ, ಎರಡನೆಯದು ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಿದವು. ಬ್ರಿಟಾನಿಕ್ ಅಂದರೆ 1916ರಲ್ಲಿ ಮುಳುಗಿದ ಆಸ್ಪತ್ರೆ ಹಡಗೋ, ಎರಡನೇ ಯುದ್ಧದ ಟ್ರೂಪ್‌ಶಿಪ್ಪೋ? ಅಕ್ವಿಟೇನಿಯಾ ಇನ್ನೂ ಫಜೀತಿಯದು, ಅದೇ ಒಂದು ಹಡಗು ಎರಡೂ ಯುದ್ಧಗಳಲ್ಲಿ ಸೈನಿಕರನ್ನು ಹೊತ್ತಿದೆ. ಪೋಸ್ಟ್‌ಕಾರ್ಡಿನಲ್ಲಾದರೆ ಬಣ್ಣ ನೆರವಿಗೆ ಬರುತ್ತದೆ. ಹಡಗಿನ ಮೈತುಂಬ ಅಡ್ಡಾದಿಡ್ಡಿ ಪಟ್ಟೆಗಳ ಡ್ಯಾಜಲ್ ಬಣ್ಣವಿದ್ದರೆ ಆ ಚಿತ್ರ 1917ಕ್ಕಿಂತ ಹಿಂದಿನದಲ್ಲ.

ಒಂದನೇ ಯುದ್ಧದ ಆಸ್ಟ್ರೇಲಿಯಾದ ಹಡಗುಗಳಿಗೆ 'ಎ' ಅಕ್ಷರದ ಜೊತೆ ಒಂದು ಸಂಖ್ಯೆ ಇರುತ್ತಿತ್ತು. ಎ3 ಅಂದರೆ ಒರ್ವಿಯೆಟೊ, ಎ11 ಅಂದರೆ ಅಸ್ಕೇನಿಯಸ್. ಈ ಸಂಖ್ಯೆ ಹಡಗಿನದು, ಎಷ್ಟು ಸಲ ಹೋಗಿಬಂದರೂ ಅದೇ. ನ್ಯೂಜಿಲೆಂಡಿನ ಸಂಖ್ಯೆ ಹಾಗಲ್ಲ, ಅದು ಯಾನಕ್ಕೆ ಕೊಟ್ಟದ್ದು. ಒಂದೇ ಹಡಗು ಮತ್ತೆ ಹೊರಟಾಗ ಬೇರೆ ಸಂಖ್ಯೆ ಪಡೆಯುತ್ತಿತ್ತು. ಹಾಗಾಗಿ ನ್ಯೂಜಿಲೆಂಡಿನ ಕಾಗದದಲ್ಲಿ ಆ ಸಂಖ್ಯೆ ಒಂದು ಸಿಕ್ಕರೆ ಯಾವ ಯಾನ ಅನ್ನುವುದು ಅಲ್ಲೇ ತೀರ್ಮಾನವಾಯಿತು. ಆಸ್ಟ್ರೇಲಿಯಾದ್ದಕ್ಕೆ ದಿನಾಂಕವನ್ನು ಬೇರೆ ಹುಡುಕಬೇಕು.

ನೋಡಲು ಸಪ್ಪೆಯಾದ ವಸ್ತುವೇ ಹೆಚ್ಚು ನಂಬಿಕಸ್ಥ. ಕ್ವೀನ್ ಮೇರಿ 1943ರ ಜುಲೈನಲ್ಲಿ ಒಂದೇ ಯಾನದಲ್ಲಿ 16,683 ಜನರನ್ನು ಸಾಗಿಸಿತು. ಅಷ್ಟು ಜನಕ್ಕೆ ಪಾಳಿ ಲೆಕ್ಕದಲ್ಲೇ ಊಟ, ಪಾಳಿ ಲೆಕ್ಕದಲ್ಲೇ ನಿದ್ದೆ. ಊಟದ ಪಾಳಿ ಚೀಟಿ, ಮಂಚದ ಸಂಖ್ಯೆಯ ಚೀಟಿ, ಲೈಫ್‌ಬೋಟ್ ಕವಾಯತಿನ ಸೂಚನೆ ಇಂಥವನ್ನು ಯಾರೂ ಮಾರಲೆಂದು ಮಾಡಿದ್ದಲ್ಲ, ಆದ್ದರಿಂದ ನಕಲು ಮಾಡುವವರ ಕಣ್ಣೂ ಇವುಗಳ ಮೇಲೆ ಅಷ್ಟಾಗಿ ಬಿದ್ದಿಲ್ಲ. ಹರಿದಿದ್ದರೂ ಸರಿ, ತುಕಡಿಯ ಹೆಸರೋ ಸೈನಿಕನ ಸಂಖ್ಯೆಯೋ ಇದ್ದರೆ ಬಿಡಬೇಡಿ.

ಆದರೂ ಸಂಗ್ರಹದ ನಿಜವಾದ ತಿರುಳು ಹಡಗಿನ ಪತ್ರಿಕೆ. ವಾರಗಟ್ಟಲೆ ಸಮುದ್ರದ ಮೇಲಿದ್ದ ಸೈನಿಕರು ತಾವೇ ಬರೆದು, ಚಿತ್ರ ಬಿಡಿಸಿ ಹೊರತಂದವು ಇವು. ಕೆಲವನ್ನು ಹಡಗಿನಲ್ಲೇ ಡೂಪ್ಲಿಕೇಟರಿನಲ್ಲಿ, ಅಂದರೆ ಪ್ರತಿ ತೆಗೆಯುವ ಸಣ್ಣ ಯಂತ್ರದಲ್ಲಿ, ತೆಗೆದರು. ಇನ್ನು ಕೆಲವು ಕೇಪ್‌ಟೌನ್, ಲಂಡನ್‌ನಂಥ ಬಂದರು ತಲುಪಿದ ಮೇಲೆ ಅಚ್ಚಾದವು. ಒಂದನೇ ಯುದ್ಧದ ಪತ್ರಿಕೆಗಳಲ್ಲಿ ಕೊನೆಯ ಪುಟಗಳನ್ನು ಮೊದಲು ತೆರೆದು ನೋಡಿ. ಹಡಗಿನಲ್ಲಿದ್ದವರ ಹೆಸರಿನ ಪಟ್ಟಿ ಇರುವುದು ಅಲ್ಲೇ, ಕಿತ್ತುಹೋಗಿರುವುದೂ ಅದೇ, ಏಕೆಂದರೆ ಕುಟುಂಬದವರು ತಮ್ಮವನ ಹೆಸರಿದ್ದ ಹಾಳೆಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಪಟ್ಟಿ ಇಲ್ಲದ ಪ್ರತಿಗೆ ಪಟ್ಟಿ ಇರುವ ಪ್ರತಿಯ ಬೆಲೆ ಕೊಡುವುದು ದಡ್ಡತನ. ಹಸ್ತಾಕ್ಷರಕ್ಕೆಂದು ಬಿಟ್ಟ ಖಾಲಿ ಪುಟ ತುಂಬಿದ್ದರೆ ಮಾತ್ರ ಲೆಕ್ಕವೇ ಬೇರೆ.

ಎರಡನೇ ಯುದ್ಧದ ಕಾಗದಗಳಲ್ಲಿ ಗುಟ್ಟು ಕಾಯುವ ನಿಯಮ ಬಿಗಿಯಾಗಿತ್ತು. ಹಡಗಿನ ಹೆಸರಿನ ಬದಲು 'ಸಮುದ್ರದಲ್ಲಿ' ಎಂದಷ್ಟೇ ಇರುವುದುಂಟು. ಭೂಮಧ್ಯರೇಖೆ ದಾಟಿದವರಿಗೆ ಸಮುದ್ರದೇವತೆ ನೆಪ್ಚೂನ್ ಹೆಸರಿನಲ್ಲಿ ಕೊಡುತ್ತಿದ್ದ ಪ್ರಮಾಣಪತ್ರಗಳಲ್ಲೂ ಕೆಲವೊಮ್ಮೆ ರೇಖಾಂಶದ ಜಾಗ ಖಾಲಿ. ಹಡಗಿನ ಹೆಸರು ಧಾರಾಳವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 1945–46ರಲ್ಲಿ ಊರಿಗೆ ಮರಳುವ ಯಾನಗಳ ಪತ್ರಿಕೆಗಳಲ್ಲಿ. ಹಾಗಾಗಿ 1942ರ ದಿನಾಂಕವೂ ದಪ್ಪಕ್ಷರದ ಹೆಸರೂ ಜೊತೆಯಾಗಿ ಕಂಡರೆ ಎರಡು ಸಲ ಯೋಚಿಸಿ. ಶಾಂತಿಕಾಲದ ಅಂದವಾದ ಮೆನು ಕಂಡ ಕೂಡಲೇ ತಳ್ಳಿಹಾಕುವುದೂ ತಪ್ಪೇ. ಯುದ್ಧದ ಮೊದಲ ತಿಂಗಳುಗಳಲ್ಲಿ ಮಿಕ್ಕಿದ್ದ ಹಳೆಯ ಕಾಗದವನ್ನೇ ಬಳಸಿದ್ದುಂಟು. ಹಿಂಬದಿಯಲ್ಲಿ ತುಕಡಿಯವರ ಸಹಿ, ದಿನಾಂಕ ಇದ್ದರೆ ಅದೇ ಮೆನು ಅಪ್ಪಟ ಮಾಲು.

ದಿನಾಂಕವನ್ನು ತಾಳೆ ನೋಡಲು ರೆಜಿಮೆಂಟಿನ ಇತಿಹಾಸ ಬೇಕು. ಹಡಗು ಹತ್ತಿದ ದಿನ, ಹಡಗಿನ ಹೆಸರು, ಇಳಿದ ಬಂದರು ಅದರ ಒಂದೆರಡು ಸಾಲಿನಲ್ಲಿ ಬಂದುಹೋಗಿರುತ್ತದೆ. ಅಲ್ಲೂ ಸಿಗದಿದ್ದರೆ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿ ಡಬ್ಲ್ಯೂಒ 95 ಸರಣಿ ಒಂದನೇ ಯುದ್ಧದ ತುಕಡಿ ದಿನಚರಿಗಳದ್ದು, ಬಿಟಿ 389 ಎರಡನೇ ಯುದ್ಧದ ಹಡಗು ಸಂಚಾರದ ಕಾರ್ಡುಗಳದ್ದು. ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಎಡಬ್ಲ್ಯೂಎಂ 8 ಸರಣಿಯಲ್ಲಿ 1914–18ರಲ್ಲಿ ಹಡಗು ಹತ್ತಿದವರ ಪಟ್ಟಿಗಳಿವೆ.

ರೆಜಿಮೆಂಟಿನ ಇತಿಹಾಸದಂಥ ಪುಸ್ತಕ ಕೊಳ್ಳುವಾಗ ರಟ್ಟಿನ ಅಂದ ನೋಡುವ ಮೊದಲು ಎಣಿಕೆ ಮಾಡಿ. ಮುಂದಿನ ಪುಟಗಳಲ್ಲಿ ಚಿತ್ರಗಳ ಪಟ್ಟಿ, ನಕ್ಷೆಗಳ ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿದು ಒಂದೊಂದನ್ನೂ ಗುರುತು ಹಾಕುತ್ತ ಹೋಗಿ. ಹಿಂದಿನ ರಟ್ಟಿನ ಒಳಗಿನ ಜೇಬಿನಲ್ಲಿ ಮಡಚಿಟ್ಟ ನಕ್ಷೆಗಳು ಇವೆಯೇ? ಕಳೆದುಹೋಗುವುದರಲ್ಲಿ ಅವೇ ಮೊದಲು. ಪುಟಸಂಖ್ಯೆ ಸರಿಯಿದ್ದರೂ ಚಿತ್ರದ ಹಾಳೆ ಮಾಯವಾಗಿರಬಹುದು, ಚಿತ್ರದ ಹಾಳೆಗಳನ್ನು ಪುಟಸಂಖ್ಯೆಗೆ ಸೇರಿಸದೆ ಬಿಡುವುದೇ ಹೆಚ್ಚು. ಇನ್ನು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು) ಗುರುತು: ಸಾಮಾನ್ಯವಾಗಿ ಹದಿನಾರು ಪುಟಕ್ಕೊಮ್ಮೆ ಪುಟದ ತಳದಲ್ಲಿ ಒಂದು ಸಣ್ಣ ಇಂಗ್ಲಿಷ್ ಅಕ್ಷರ. ಈ ಸಾಲಿನಲ್ಲಿ ಜೆ, ವಿ, ಡಬ್ಲ್ಯೂ ವಾಡಿಕೆಯಂತೆ ಇರುವುದಿಲ್ಲ. ಐ ಆದಮೇಲೆ ಕೆ ಬಂದಿದೆ, ಒಂದು ಫಾರಂ ಬಿಟ್ಟುಹೋಗಿದೆ ಎಂದು ಗಾಬರಿಬಿದ್ದು ಒಳ್ಳೆಯ ಪ್ರತಿಯನ್ನು ಹಿಂದಿರುಗಿಸಬೇಡಿ.

ತೆಳ್ಳಗಿನ ಒರಟು ಕಾಗದ, ಒತ್ತೊತ್ತಾದ ಸಾಲು, ಸಣ್ಣ ಅಂಚು ಕಂಡ ಮಾತ್ರಕ್ಕೆ ಅಗ್ಗದ ಮರುಮುದ್ರಣ ಅನ್ನುವಂತಿಲ್ಲ. ಬ್ರಿಟನ್ನಿನಲ್ಲಿ 1942ರಿಂದ ಯುದ್ಧಕಾಲದ ಮಿತವ್ಯಯ ನಿಯಮದಂತೆ ಪುಸ್ತಕಗಳು ಅಚ್ಚಾದವು, ತೆರೆದ ಪುಸ್ತಕದ ಮೇಲೆ ಕುಳಿತ ಸಿಂಹದ ಮುದ್ರೆ ಅದರ ಗುರುತು. 1945ರಲ್ಲಿ ಯುದ್ಧ ಮುಗಿದ ಕೂಡಲೇ ಜರ್ಮನಿಯಲ್ಲೇ ಅಚ್ಚು ಹಾಕಿಸಿ ಸೈನಿಕರಿಗೆ ಹಂಚಿದ ತುಕಡಿ ಇತಿಹಾಸಗಳೂ ಇಂಥವೇ ಬಡಕಲು. ಆದರೆ ಹೆಚ್ಚು ಬೇಕಾಗಿರುವುದು ಅವೇ.

ಅಸಲಿ ಯಾವುದು, ನಕಲಿ ಯಾವುದು ಎಂದು ನೋಡಲು ಎರಡು ಸಲಕರಣೆ ಸಾಕು. ಒಂದು, ಹತ್ತು ಪಟ್ಟು ಹಿಗ್ಗಿಸುವ ಲೂಪ್, ಅಂದರೆ ಸಣ್ಣ ಭೂತಗನ್ನಡಿ. ಅಚ್ಚುಮೊಳೆಯಲ್ಲಿ ಮುದ್ರಿಸಿದ ಅಕ್ಷರದ ಅಂಚಿನಲ್ಲಿ ಶಾಯಿ ಒತ್ತಿ ಗಟ್ಟಿಯಾಗಿರುತ್ತದೆ, ಹಾಳೆಯ ಹಿಂಬದಿಯನ್ನು ಬೆರಳಿನಲ್ಲಿ ಸವರಿದರೆ ಉಬ್ಬು ಸಿಗುತ್ತದೆ. ಅಕ್ಷರವೇ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಸ್ಕ್ಯಾನ್ ಮಾಡಿ ತೆಗೆದ ಪ್ರತಿ. ಎರಡು, 365 ನ್ಯಾನೋಮೀಟರಿನ ಅಲ್ಟ್ರಾವಯಲೆಟ್ ಟಾರ್ಚ್. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ವಾಡಿಕೆಯಾದದ್ದು 1950ರ ಸುಮಾರಿಗೆ. 1916ರ ಮೆನು ಕತ್ತಲಲ್ಲಿ ನೀಲಿಬಿಳುಪಾಗಿ ಹೊಳೆದರೆ ಅಲ್ಲಿಗೆ ಮಾತು ಮುಗಿಯಿತು. ಹೊಳೆಯದಿದ್ದರೆ ಮಾತ್ರ ಅಸಲಿ ಎಂದು ತೀರ್ಪು ಕೊಡಬೇಡಿ, ಹಳೆಯ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಮುದ್ರಿಸುವ ಚತುರರೂ ಇದ್ದಾರೆ. ಬೆಳ್ಳಿ ಚಮಚಕ್ಕೆ ಇಷ್ಟು ಕಷ್ಟವಿಲ್ಲ. ಬರ್ಮಿಂಗ್‌ಹ್ಯಾಮಿನ ಲಂಗರು ಮುದ್ರೆಯ ಪಕ್ಕದ ವರ್ಷಾಕ್ಷರವೇ ಇಸವಿ ಹೇಳುತ್ತದೆ. ಬೆಳ್ಳಿ ಲೇಪದ್ದಕ್ಕೆ ಆ ಅಕ್ಷರ ಇರುವುದಿಲ್ಲ.

ಮನೆಗೆ ತಂದಮೇಲೆ ಮೊದಲ ಶತ್ರು ಸ್ಟೇಪಲ್ ಪಿನ್ನು. ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಪತ್ರಿಕೆಯನ್ನು ನಡುಪುಟಕ್ಕೆ ತೆರೆದು, ಪಿನ್ನಿನ ಕಾಲಿನಡಿ ತೆಳು ಪಾಲಿಯೆಸ್ಟರ್ ಪಟ್ಟಿ ತೂರಿಸಿ, ಒಂದೊಂದೇ ಕಾಲನ್ನು ನೆಟ್ಟಗೆ ಮಾಡಿ, ಆಮೇಲೆ ಹೊರಬದಿಯಿಂದ ಎಳೆಯಬೇಕು. ಉಗುರಿನಲ್ಲಿ ಎಬ್ಬಿಸಿದರೆ ಬೆನ್ನಿನ ಮಡಿಕೆ ಹರಿಯುವುದು ಖಚಿತ. ಹರುಕಿಗೆ ಸೆಲೋಟೇಪ್ ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಜಪಾನಿ ಕಾಗದ, ತೆಳುವಾದ ಗೋಧಿಪಿಷ್ಟದ ಅಂಟು ಸಾಕು. ನೇರಳೆ ಬಣ್ಣದ ಡೂಪ್ಲಿಕೇಟರ್ ಪ್ರತಿಗೆ ಮಾತ್ರ ಒದ್ದೆ ಅಂಟನ್ನೂ ತಾಕಿಸಬೇಡಿ, ಶಾಯಿ ಹರಡಿಕೊಳ್ಳುತ್ತದೆ. ಬೆಳಕಿಗೂ ಅದು ಬೇಗ ಮಾಸುತ್ತದೆ. ಪಿವಿಸಿ ಚೀಲದ ಬದಲು ಪಾಲಿಯೆಸ್ಟರ್ ಚೀಲ ಬಳಸಿ. ಗಾಳಿಯ ತೇವ ಶೇ. 35ರಿಂದ 50ರೊಳಗಿರಲಿ. ಹುಳದ ಅನುಮಾನವಿರುವ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಬೇಡಿ. ತಣ್ಣಗಿನ ಪುಸ್ತಕದ ಮೇಲೆ ಹನಿ ಕೂತರೆ ಹುಳ ಉಳಿಸಿದ್ದನ್ನು ಬೂಷ್ಟು ತಿನ್ನುತ್ತದೆ.