ಲಾ ಪುಶ್‌ಗೆ ಸಿಕ್ಕ ಎತ್ತರದ ನೆಲ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಕ್ವಿಲಾಯೂಟ್ ನದಿ ಪೆಸಿಫಿಕ್ ಸಾಗರವನ್ನು ಸೇರುವ ಅಳಿವೆಯ ದಡದಲ್ಲಿ, ಕ್ವಿಲಿಯೂಟ್ ಬುಡಕಟ್ಟಿನವರ ಲಾ ಪುಶ್ ಎಂಬ ಪುಟ್ಟ ಊರಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ಬೆನ್ನಿಗೆ ಒಲಿಂಪಿಕ್ ರಾಷ್ಟ್ರೀಯ ಉದ್ಯಾನ. ಹೀಗಾಗಿ ಊರು ಬೆಳೆಯುವುದಿರಲಿ, ಅಪಾಯದಿಂದ ಹಿಂದೆ ಸರಿಯುವುದಕ್ಕೂ ಅಲ್ಲಿ ಜಾಗವಿರಲಿಲ್ಲ. 2012ರ ಫೆಬ್ರವರಿ 27ರಂದು ಅಧ್ಯಕ್ಷ ಬರಾಕ್ ಒಬಾಮ ಅವರ ಸಹಿ ಪಡೆದ ಕಾಯಿದೆಯೊಂದು ಈ ಉದ್ಯಾನದಿಂದ 785 ಎಕರೆಯನ್ನು ಬಿಡಿಸಿ ಬುಡಕಟ್ಟಿನ ಮೀಸಲು ಪ್ರದೇಶಕ್ಕೆ ಸೇರಿಸಿತು. ಸುನಾಮಿ ಮತ್ತು ನೆರೆಯಿಂದ ರಕ್ಷಣೆ ಒದಗಿಸುವುದೇ ಅದರ ಉದ್ದೇಶವೆಂದು ಕಾಯಿದೆ ಮೊದಲಲ್ಲೇ ಸಾರುತ್ತದೆ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರು ವಾರಾಂತ್ಯದಲ್ಲಿ ಅಲ್ಲಿನ ಕಡಲತೀರ ನೋಡಲು ಹೋಗುವುದುಂಟು; ಆ ತೀರಕ್ಕಿಳಿಯುವ ದಾರಿಯ ಹಿಂದೆ ಇಷ್ಟು ದೊಡ್ಡ ಗಡಿ ತಕರಾರು ಇದ್ದದ್ದು ನನಗೆ ತಿಳಿದದ್ದು ಈ ಕಾಯಿದೆಯನ್ನು ಓದಿದ ಮೇಲೆಯೇ.

ಕ್ವಿಲಿಯೂಟರು 1855–56ರ ಒಪ್ಪಂದದಲ್ಲಿ ಲಕ್ಷಾಂತರ ಎಕರೆ ನೆಲವನ್ನು ಬಿಟ್ಟುಕೊಟ್ಟವರು. ಒಪ್ಪಂದದ ಪ್ರಕಾರ ಅವರು ದಕ್ಷಿಣದಲ್ಲಿದ್ದ ಕ್ವಿನಾಲ್ಟ್ ಮೀಸಲು ಪ್ರದೇಶಕ್ಕೆ ಹೋಗಬೇಕಿತ್ತು, ಆದರೆ ಅವರು ತಮ್ಮ ಊರನ್ನು ಬಿಟ್ಟು ಕದಲಲಿಲ್ಲ. ಕೊನೆಗೆ 1889ರ ಫೆಬ್ರವರಿಯಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಲಾ ಪುಶ್‌ನಲ್ಲಿಯೇ ಸುಮಾರು ಒಂದು ಚದರ ಮೈಲಿಯನ್ನು ಅವರಿಗೆಂದು ಮೀಸಲಿಟ್ಟರು. ಅದೇ ವರ್ಷ ಊರಿನವರು ಬಿಯರ್‌ಗೆ ಬಳಸುವ ಹಾಪ್ಸ್ ಹೂವಿನ ಕೊಯ್ಲಿನ ಕೂಲಿಗೆಂದು ಸಿಯಾಟಲ್ ಬಳಿಯ ಪ್ಯೂಜೆಟ್ ಸೌಂಡ್ ಕೊಲ್ಲಿಯ ಕಡೆ ಹೋಗಿದ್ದಾಗ, ಆ ನೆಲ ತನ್ನದೆನ್ನುತ್ತಿದ್ದ ಬಿಳಿಯ ವಲಸಿಗನೊಬ್ಬ ಅವರ 26 ಮನೆಗಳಿಗೆ ಬೆಂಕಿಯಿಟ್ಟನೆಂದು ಬುಡಕಟ್ಟಿನ ಇತಿಹಾಸ ಹೇಳುತ್ತದೆ. ಮನೆಗಳ ಜೊತೆಗೆ ಬುಟ್ಟಿ, ಮುಖವಾಡ, ತಿಮಿಂಗಿಲ ಬೇಟೆಯ ಸಲಕರಣೆ ಎಲ್ಲವೂ ಬೂದಿಯಾದವು. ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1938ರಲ್ಲಿ. ಕರಾವಳಿಯ ಪಟ್ಟಿ ಅದಕ್ಕೆ ಸೇರಿದ್ದು 1953ರಲ್ಲಿ. ಅಂದರೆ ಊರು ಉದ್ಯಾನದೊಳಗೆ ಹೋಗಿ ಕುಳಿತದ್ದಲ್ಲ, ಉದ್ಯಾನವೇ ಬಂದು ಊರನ್ನು ಸುತ್ತುವರಿದದ್ದು. ಕಾಯಿದೆಯ ಬಗ್ಗೆ ಮಾತನಾಡುವವರು ಈ ಕಾಲಾನುಕ್ರಮವನ್ನು ಮರೆತರೆ, 785 ಎಕರೆ ಸರ್ಕಾರದ ಔದಾರ್ಯದಂತೆ ಕಾಣಿಸಿಬಿಡುತ್ತದೆ.

ಇನ್ನು ಅಪಾಯದ ವಿಚಾರ. ಈ ಕರಾವಳಿಯುದ್ದಕ್ಕೂ ಕಡಲಾಳದಲ್ಲಿ ಕ್ಯಾಸ್ಕೇಡಿಯಾ ಎಂಬ ಭೂಫಲಕಗಳ ಸಂಧಿಯಿದೆ. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತ, ಸಿಕ್ಕಿಕೊಂಡು, ಶತಮಾನಗಳಿಗೊಮ್ಮೆ ಜಾರುತ್ತದೆ. ಕಳೆದ ಬಾರಿ ಅದು ಹಾಗೆ ಜಾರಿದ್ದು 1700ರ ಜನವರಿ 26ರ ರಾತ್ರಿ. ಇಲ್ಲಿ ಅದನ್ನು ಬರೆದಿಡುವವರು ಯಾರೂ ಇರಲಿಲ್ಲವಾದರೂ, ಭೂಕಂಪದ ಸುಳಿವೇ ಇಲ್ಲದೆ ಜಪಾನಿನ ದಡಕ್ಕೆ ಬಂದಪ್ಪಳಿಸಿದ ಅಲೆಗಳ ದಾಖಲೆ ಮತ್ತು ವಾಷಿಂಗ್ಟನ್ ಕರಾವಳಿಯಲ್ಲಿ ಉಪ್ಪುನೀರಿಗೆ ಸಿಕ್ಕಿ ಸತ್ತ ಸೀಡರ್ ಮರಗಳ ವಾರ್ಷಿಕ ಉಂಗುರಗಳನ್ನು ಜೋಡಿಸಿ ವಿಜ್ಞಾನಿಗಳು ದಿನಾಂಕವನ್ನು ಕಂಡುಹಿಡಿದರು. ಅಂಥ ಅಲೆ ಮತ್ತೆ ಎದ್ದರೆ ಲಾ ಪುಶ್‌ನವರಿಗೆ ಸಿಗುವುದು ನಿಮಿಷಗಳಲ್ಲಿ ಎಣಿಸುವಷ್ಟು ಸಮಯ ಮಾತ್ರ. ಬುಡಕಟ್ಟಿನ ಶಾಲೆ, ಕಚೇರಿಗಳು, ಹಿರಿಯರ ಮನೆಗಳು ಎಲ್ಲವೂ ಇದ್ದದ್ದು ಕಡಲ ಮಟ್ಟಕ್ಕಿಂತ ತುಸುವೇ ಎತ್ತರದ ಆ ತಗ್ಗಿನಲ್ಲಿ. ಸುನಾಮಿ ಬರದ ವರ್ಷಗಳಲ್ಲಿಯೂ ಮಳೆಗಾಲದ ನದಿ ತನ್ನ ಕೆಲಸವನ್ನು ಬಿಡುವುದಿಲ್ಲ.

ಬುಡಕಟ್ಟಿಗೂ ಉದ್ಯಾನಕ್ಕೂ ನಡುವಿನ ಗಡಿ ತಕರಾರಿಗೂ ಈ ನದಿಯೇ ಕಾರಣ. ಉತ್ತರದ ಗಡಿಯನ್ನು ನದಿಯನ್ನು ನೆಚ್ಚಿ ಗುರುತಿಸಲಾಗಿತ್ತು. ನದಿ ಪಾತ್ರ ಬದಲಿಸಿದ ಮೇಲೆ ಯಾವ ನೆಲ ಯಾರದ್ದೆಂಬ ವಾದ ಅರ್ಧ ಶತಮಾನ ಎಳೆಯಿತು. ಮಾತುಕತೆ ಸಾಗದಿದ್ದಾಗ, 2000ರ ದಶಕದ ನಡುವೆ, ಬುಡಕಟ್ಟಿನವರು ಸೆಕೆಂಡ್ ಬೀಚ್‌ಗೆ ಹೋಗುವ ದಾರಿಯನ್ನು ಮುಚ್ಚಿದರು. ಆ ದಾರಿಯಲ್ಲಿ ನಡೆದವರಿಗೆ ಈ ಪಟ್ಟಿನ ಬಲ ಅರ್ಥವಾಗುತ್ತದೆ: ಕಾರು ನಿಲ್ಲಿಸುವುದು ಬುಡಕಟ್ಟಿನ ನೆಲದಲ್ಲಿ, ಸಿಟ್ಕಾ ಸ್ಪ್ರೂಸ್ ಮರಗಳ ನಡುವೆ ಜರಿಗಿಡಗಳನ್ನು ಸವರಿಕೊಂಡು ಇಳಿದು ತಲುಪುವುದು ಉದ್ಯಾನದ ಮರಳಿಗೆ. ಕೊನೆಯಲ್ಲಿ, ಚಳಿಗಾಲದ ಅಲೆಗಳು ತಂದು ಒಟ್ಟಿದ ಭಾರಿ ದಿಮ್ಮಿಗಳ ರಾಶಿಯನ್ನು ಕೈಕಾಲು ಊರಿ ಹತ್ತಿ ದಾಟಬೇಕು. ಮಾಮೂಲಿ ಬಿರುಗಾಳಿಯೇ ಇಂಥ ಮರಗಳನ್ನು ಎತ್ತಿ ಎಸೆಯುವಾಗ ಸುನಾಮಿಯ ಬಲಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕಾಯಿದೆ ದಕ್ಷಿಣದಲ್ಲಿ ಸುಮಾರು 275 ಎಕರೆ ಎತ್ತರದ ನೆಲವನ್ನು ಊರು ಕಟ್ಟಲು ಕೊಟ್ಟಿತು; ಉತ್ತರದಲ್ಲಿ ಸುಮಾರು 510 ಎಕರೆ ಕೊಟ್ಟು ಗಡಿ ವ್ಯಾಜ್ಯವನ್ನು ಮುಗಿಸಿತು. ಪ್ರತಿಯಾಗಿ ಸೆಕೆಂಡ್ ಬೀಚ್ ದಾರಿ ಸಾರ್ವಜನಿಕರಿಗೆ ತೆರೆದಿರಬೇಕು, ಈ ನೆಲದಲ್ಲಿ ಜೂಜುಕಟ್ಟೆ ನಡೆಸಕೂಡದು, ನಿಗದಿತ ಭಾಗಗಳಲ್ಲಿ ಕಟ್ಟಡ ಏಳಕೂಡದು ಎಂಬ ಷರತ್ತುಗಳಿವೆ. ದಕ್ಷಿಣದ ನೆಲದಲ್ಲಿ 222 ಎಕರೆ ಸಂರಕ್ಷಿತ ವನ್ಯಪ್ರದೇಶದ ದರ್ಜೆ ಪಡೆದಿತ್ತು. ಆ ದರ್ಜೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ತೆಗೆದುಹಾಕಬೇಕಾಯಿತು. ಇಂದು ಇಲ್ಲಿ ಬಿಟ್ಟರೆ ನಾಳೆ ಇನ್ನೊಂದು ಉದ್ಯಾನದಲ್ಲಿ ಕೇಳುತ್ತಾರೆ ಎಂಬ ಆತಂಕವನ್ನು ನಾನು ಹುಸಿಯೆನ್ನಲಾರೆ. ಆದರೆ ಒಂಬತ್ತು ಲಕ್ಷ ಎಕರೆಗೂ ದೊಡ್ಡದಾದ ಉದ್ಯಾನದ ಅಂಚಿನಲ್ಲಿ, ಮಕ್ಕಳ ಶಾಲೆಯನ್ನು ಅಲೆಗಳ ಕೈಗೆ ಎಟುಕದಂತೆ ಮೇಲಕ್ಕೆ ಒಯ್ಯಲು ಕೇಳಿದ ನೆಲವದು. ಇದೇ ಉದ್ಯಾನದಿಂದ 37 ಎಕರೆಯನ್ನು 2010ರ ಕೊನೆಯಲ್ಲಿ ನೆರೆಯ ಹೋ ಬುಡಕಟ್ಟಿಗೆ ಇದೇ ಕಾರಣಕ್ಕೆ ಕೊಡಲಾಗಿತ್ತು. ಅದರಿಂದ ಉದ್ಯಾನವೇನೂ ಕರಗಿಹೋಗಲಿಲ್ಲ.

ನನ್ನ ಆಕ್ಷೇಪ ಬೇರೆ. ನೆಲ ಕೊಟ್ಟ ಕಾಯಿದೆ ಊರು ಕಟ್ಟುವ ಹಣ ಕೊಡಲಿಲ್ಲ. ಕಾಡು ಸವರಿ ರಸ್ತೆ, ನೀರು, ಒಳಚರಂಡಿ, ವಿದ್ಯುತ್ ಒಯ್ಯುವ ಖರ್ಚಿಗೆ ಬುಡಕಟ್ಟಿನವರು ಮತ್ತೆ ಅನುದಾನಗಳ ಬೆನ್ನು ಹತ್ತಬೇಕಾಯಿತು. ಗುಡ್ಡದ ಮೇಲಿನ ಹೊಸ ಶಾಲೆ ತೆರೆದದ್ದು 2022ರಲ್ಲಿ, ಅಂದರೆ ಸಹಿ ಬಿದ್ದು ಹತ್ತು ವರ್ಷಗಳಾದ ಮೇಲೆ. ಮನೆಗಳು ಮತ್ತು ಉಳಿದ ಕಟ್ಟಡಗಳದ್ದು ಶಾಲೆಗಿಂತ ದೀರ್ಘವಾದ ಕೆಲಸ. ಸಾಲ್ಮನ್ ಮೀನನ್ನೂ ಏಡಿಯನ್ನೂ ನೆಚ್ಚಿ ಬದುಕುವ ಊರಿನ ದೋಣಿಕಟ್ಟೆಯನ್ನಂತೂ ಯಾವ ಕಾಯಿದೆಯೂ ಗುಡ್ಡಕ್ಕೆ ಏರಿಸಲಾರದು. ಮಕ್ಕಳು ಮೇಲೆ ಓದುತ್ತಿರುವಾಗ ದೊಡ್ಡವರು ಕೆಳಗೆ ಅಳಿವೆಯಲ್ಲಿಯೇ ದುಡಿಯಬೇಕು. ಆದ್ದರಿಂದ ತಗ್ಗಿನಿಂದ ಎತ್ತರಕ್ಕೆ ಓಡಿಹೋಗುವ ದಾರಿಯನ್ನು ಸುಸ್ಥಿತಿಯಲ್ಲಿಡುವ ಖರ್ಚು, ಇಡೀ ಊರು ಮೇಲೆ ಹೋದರೂ, ನಿಲ್ಲುವಂಥದ್ದಲ್ಲ.