ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಕಣ್ಣೀರಿನ ಸಿನಿಮಾ

ನಮ್ಮ ಕಾಲೇಜಿನ ಫಿಲ್ಮ್ ಕ್ಲಬ್ಬಿಗೆ ದುಡ್ಡೂ ಇರಲಿಲ್ಲ, ಹೆಸರೂ ಇರಲಿಲ್ಲ. ಶುಕ್ರವಾರ ಕಾರಿಡಾರಿನ ಕಪ್ಪು ಹಲಗೆಯ ಮೇಲೆ ‘ನಾಳೆ ಸಿನಿಮಾ ಇದೆ’ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರೆ ಕ್ಲಬ್ಬು ಬದುಕಿದೆ ಎಂದು ಅರ್ಥ. ಅದನ್ನು ನಡೆಸುತ್ತಿದ್ದವರು ಇಂಗ್ಲಿಷಿನವರಲ್ಲ, ಕನ್ನಡದವರೂ ಅಲ್ಲ, ಬಿ.ಎಸ್ಸಿ.ಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಿದ್ದ ಮೇಷ್ಟ್ರು. ತಮ್ಮ ಹೆಸರು ಎಲ್ಲಿಯೂ ಅಚ್ಚಾಗುವುದು ಅವರಿಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಕಾಲೇಜಿನ ಈ ಸಂಚಿಕೆಯ ಉಳಿದ ಪುಟಗಳನ್ನು ಹಾಸ್ಟೆಲ್ಲು, ಕ್ರಿಕೆಟ್ಟು, ಎನ್‌ಎಸ್‌ಎಸ್ ಕ್ಯಾಂಪು ತುಂಬುತ್ತವೆ ಎಂಬ ಧೈರ್ಯದಿಂದ ನಾನು ಅವರು ತೋರಿಸಿದ ಒಂದೇ ಒಂದು ಸಿನಿಮಾದ ಬಗ್ಗೆ ಬರೆಯುತ್ತೇನೆ.

ಬಾಡಿಗೆ ಟಿ.ವಿ., ಬಾಡಿಗೆ ವಿಸಿಆರ್. ಕ್ಯಾಸೆಟ್ ಮಾತ್ರ ಮೇಷ್ಟ್ರದೇ. ಸಿನಿಮಾದ ಹೆಸರು ‘ಮ್ಯಾಗ್ನಿಫಿಸೆಂಟ್ ಅಬ್ಸೆಷನ್’, 1954ರದ್ದು, ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯದು. ನಿರ್ದೇಶಕ ಡಗ್ಲಸ್ ಸರ್ಕ್; ಮುಖ್ಯ ಪಾತ್ರಗಳಲ್ಲಿ ಜೇನ್ ವೈಮನ್ ಮತ್ತು ರಾಕ್ ಹಡ್ಸನ್. ನಮಗೆ ಈ ಹೆಸರುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಫೈಟಿಂಗ್ ಇರಬಹುದೆಂದು ಬಂದ ಹಿಂದಿನ ಬೆಂಚಿನವರು ಮೊದಲ ಐದು ನಿಮಿಷ ಖುಷಿಯಾಗಿಯೇ ಇದ್ದರು, ಯಾಕೆಂದರೆ ಅದು ಶುರುವಾಗುವುದು ಸರೋವರದ ಮೇಲೆ ಹುಚ್ಚು ವೇಗದಲ್ಲಿ ಹೋಗುವ ದೋಣಿಯಿಂದ.

ದೋಣಿ ಓಡಿಸುವವನು ಬಾಬ್ ಮೆರಿಕ್, ಅಪ್ಪನ ಆಸ್ತಿ ಕರಗಿಸುವುದನ್ನೇ ಉದ್ಯೋಗ ಮಾಡಿಕೊಂಡ ಯುವಕ. ದೋಣಿ ಮಗುಚುತ್ತದೆ. ಅವನ ಉಸಿರು ಮರಳಿಸಲು ಒಂದು ಯಂತ್ರ ಬೇಕು. ಹತ್ತಿರದಲ್ಲಿ ಅದಿರುವುದು ಸರೋವರದ ದಡದ ಡಾಕ್ಟರ್ ಫಿಲಿಪ್ಸ್ ಮನೆಯಲ್ಲಿ ಮಾತ್ರ. ಪೊಲೀಸರು ಓಡಿಬಂದು ಒಯ್ಯುತ್ತಾರೆ, ಬಾಬ್ ಉಳಿಯುತ್ತಾನೆ. ಅದೇ ಹೊತ್ತಿಗೆ ಡಾಕ್ಟರಿಗೆ ಹೃದಯಾಘಾತವಾಗುತ್ತದೆ. ತಮಗಾಗಿಯೇ ಇಟ್ಟುಕೊಂಡಿದ್ದ ಯಂತ್ರ ಬೇರೊಬ್ಬನ ಮೂಗಿನ ಮೇಲಿದೆ, ಡಾಕ್ಟರ್ ಸಾಯುತ್ತಾರೆ. ಊರಿಗೆಲ್ಲ ಬೇಕಾಗಿದ್ದ ಮನುಷ್ಯ ಹೋದ, ಯಾರಿಗೂ ಬೇಡವಾದವನು ಉಳಿದ. ಹೆಂಡತಿ ಹೆಲೆನ್ ಮನೆಗೆ ಬರುವಾಗ ಎಲ್ಲ ಮುಗಿದಿರುತ್ತದೆ. ಡಾಕ್ಟರ ಮುಖವನ್ನು ಸಿನಿಮಾ ನಮಗೆ ತೋರಿಸುವುದೇ ಇಲ್ಲ. ಎರಡು ಗಂಟೆಯ ಕಥೆಯನ್ನೆಲ್ಲ ನಡೆಸುವ ಮನುಷ್ಯನನ್ನು ನಾವು ಒಮ್ಮೆಯೂ ನೋಡುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬಾಬ್ ಪರಿಹಾರವಾಗಿ ಹಣ ಕೊಡಲು ನೋಡುತ್ತಾನೆ, ಹೆಲೆನ್ ಒಲ್ಲೆ ಎನ್ನುತ್ತಾಳೆ. ಅವನು ಟ್ಯಾಕ್ಸಿಯೊಳಗೂ ಬಂದು ಕಾಡಿದಾಗ ಅವಳು ಇನ್ನೊಂದು ಬದಿಯಿಂದ ಇಳಿಯುತ್ತಾಳೆ, ಕಾರೊಂದು ಬಡಿಯುತ್ತದೆ, ಕಣ್ಣು ಹೋಗುತ್ತದೆ. ಆಮೇಲೆ ಅವನು ಬೇರೆ ಹೆಸರಿನಲ್ಲಿ, ‘ರಾಬಿ’ ಎಂದು ಹೇಳಿಕೊಂಡು, ಸರೋವರದ ದಡದಲ್ಲಿ ಕೂರುವ ಅವಳಿಗೆ ಜೊತೆಯಾಗುತ್ತಾನೆ. ಅವಳಿಗೆ ಗೊತ್ತಾಗದಂತೆ ಹಣ ಹೂಡಿ ಸ್ವಿಟ್ಜರ್ಲೆಂಡಿನ ತಜ್ಞರ ಬಳಿಗೆ ಕಳಿಸುತ್ತಾನೆ. ಅವರೂ ಕೈಚೆಲ್ಲುತ್ತಾರೆ. ಅವನು ತಾನು ಯಾರೆಂದು ಹೇಳಿ ಮದುವೆಯಾಗು ಎನ್ನುತ್ತಾನೆ. ಅವಳು ಅವನಿಗೆ ಹೊರೆಯಾಗಬಾರದೆಂದು ರಾತ್ರೋರಾತ್ರಿ ಕಾಣೆಯಾಗುತ್ತಾಳೆ. ವರ್ಷಗಳು ಕಳೆಯುತ್ತವೆ. ಅರ್ಧಕ್ಕೆ ಬಿಟ್ಟಿದ್ದ ವೈದ್ಯಕೀಯ ಓದನ್ನು ಅವನು ಮುಗಿಸಿ ಶಸ್ತ್ರವೈದ್ಯನಾಗುತ್ತಾನೆ. ಕೊನೆಗೆ ನ್ಯೂ ಮೆಕ್ಸಿಕೋದ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿರುವ ಹೆಲೆನ್‌ಗೆ ಅವನೇ ಆಪರೇಷನ್ ಮಾಡುತ್ತಾನೆ. ಅವಳು ಉಳಿಯುತ್ತಾಳೆ, ಕಣ್ಣೂ ಬರುತ್ತದೆ.

ಆಪರೇಷನ್ ಥಿಯೇಟರಿನ ಹೊತ್ತಿಗೆ ನಮ್ಮ ಕೊಠಡಿಯಲ್ಲಿ ನಗು ತಡೆಯಲಾಗದ ಸ್ಥಿತಿ. ಹಿನ್ನೆಲೆಯಲ್ಲಿ ಪದಗಳಿಲ್ಲದ ಗಾಯನವೃಂದವೊಂದು ಸ್ವರ್ಗದ ಬಾಗಿಲು ತೆರೆದಂತೆ ಹಾಡುತ್ತದೆ, ಅದಕ್ಕೂ ಒಂದು ಗುಂಪು ಇಲ್ಲಿ ಕೋರಸ್ ಕೊಡುತ್ತಿತ್ತು. ಮೇಷ್ಟ್ರು ಸುಮ್ಮನಿದ್ದರು. ಸಿನಿಮಾ ಮುಗಿದ ಮೇಲೆ ದೀಪ ಹಾಕಿ, ಸೀಮೆಸುಣ್ಣ ಹಿಡಿದು, “ನಿಮಗೆ ನಗು ಬಂದದ್ದು ಎಲ್ಲೆಲ್ಲಿ, ಹೇಳ್ರಯ್ಯಾ” ಎಂದರು. ನಾವು ಉತ್ಸಾಹದಿಂದ ಹೇಳಿದೆವು. ದೋಣಿ ಮಗುಚಿದ ಹೊತ್ತಿಗೇ ಹೃದಯಾಘಾತ. ಆಸ್ಪತ್ರೆಯಿಂದ ತಪ್ಪಿಸಿಕೊಂಡ ಬಾಬ್‌ಗೆ ದಾರಿಯಲ್ಲಿ ಕಾರು ನಿಲ್ಲಿಸಿ ಹತ್ತಿಸಿಕೊಳ್ಳುವವಳು ಹೆಲೆನ್ನೇ. ಕುಡಿದು ಕಾರು ಗುದ್ದಿದರೆ ಎದುರಿಗೆ ಸತ್ತ ಡಾಕ್ಟರ ಗೆಳೆಯನ ಮನೆ. ಟ್ಯಾಕ್ಸಿ. ಸರೋವರದ ದಡ. “ಇವೆಲ್ಲದರ ಸಂಭವನೀಯತೆಯನ್ನ ಗುಣಿಸಿದ್ರೆ ಸೊನ್ನೆ ಬರುತ್ತೆ ಸಾರ್” ಎಂದು ನಮ್ಮ ಕ್ಲಾಸಿನ ಜಾಣನೊಬ್ಬ ಮೇಷ್ಟ್ರ ವಿಷಯದಿಂದಲೇ ಮೇಷ್ಟ್ರಿಗೆ ಕೊಟ್ಟ.

“ಗುಣಿಸೋಕೆ ನಿನಗೆ ಯಾರಪ್ಪಾ ಹೇಳಿದ್ದು?” ಎಂದರು ಮೇಷ್ಟ್ರು. “ಘಟನೆಗಳು ಸ್ವತಂತ್ರವಾಗಿದ್ರೆ ತಾನೆ ಗುಣಿಸೋದು?”

ಕಂಡೀಷನಲ್ ಪ್ರಾಬಬಿಲಿಟಿ, ಅಂದರೆ ಒಂದು ಘಟನೆ ನಡೆದಾಗಿದೆ ಎಂದಾದರೆ ಇನ್ನೊಂದು ನಡೆಯುವ ಸಂಭವ ಎಷ್ಟು ಎಂಬುದು, ನನಗೆ ನಿಜವಾಗಿ ಅರ್ಥವಾದದ್ದು ಆ ಮಧ್ಯಾಹ್ನ. ಹೆಲೆನ್ ಗಂಡನ ಆಸ್ಪತ್ರೆಯಿಂದ ಹೊರಟವಳು. ಬಾಬ್ ಅದೇ ಆಸ್ಪತ್ರೆಯಿಂದ ಓಡಿದವನು. ಇಬ್ಬರೂ ಒಂದೇ ರಸ್ತೆಗೆ ಬರದೆ ಎಲ್ಲಿಗೆ ಹೋಗಬೇಕು? ಡಾಕ್ಟರ ಗೆಳೆಯ ಡಾಕ್ಟರ ಊರಿನ ಸುತ್ತಲೇ ಇರುತ್ತಾನೆ. ಟ್ಯಾಕ್ಸಿಗೆ ಬಾಬ್ ತಾನಾಗಿಯೇ ಹತ್ತಿದ, ದಡಕ್ಕೆ ತಾನಾಗಿಯೇ ಹೋದ. ಮೇಷ್ಟ್ರು ನಮ್ಮ ಪಟ್ಟಿಯಲ್ಲಿ ಒಂದೊಂದನ್ನೇ ಅಳಿಸುತ್ತ ಬಂದು ಮೊದಲನೆಯದನ್ನು ಮಾತ್ರ ಉಳಿಸಿದರು: ದೋಣಿ ಮತ್ತು ಹೃದಯ. “ಕಾಕತಾಳೀಯ ಇದೊಂದೇ. ಉಳಿದದ್ದೆಲ್ಲ ಇದರ ಬಾಲ ಹಿಡಿದು ಬಂದದ್ದು. ಒಂದು ಸಲ ಋಣ ಬಿತ್ತು ಅಂದ್ರೆ ಸಾಲಗಾರ ಅದೇ ಬೀದೀಲಿ ಸುತ್ತುತಾನೆ.” ಆಮೇಲೆ ಕಿಟಕಿಯ ಕಡೆ ನೋಡುತ್ತ, “ಶಕುಂತಲೆಯ ಉಂಗುರ ಮೀನಿನ ಹೊಟ್ಟೇಲಿ ಸಿಕ್ಕಾಗ ನೀವ್ಯಾರೂ ನಗಲಿಲ್ಲವಲ್ಲ” ಎಂದೂ ಸೇರಿಸಿದರು. ಕನ್ನಡ ಪಾಠದಲ್ಲಿ ನಾವು ನಕ್ಕಿದ್ದೆವು, ಆದರೆ ಅದನ್ನು ಯಾರೂ ಹೇಳಲಿಲ್ಲ.

ಆದರೂ ನನಗೆ ಆ ಸಿನಿಮಾದ ತತ್ವಬೋಧೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಇದಕ್ಕೆ ಮೂಲ 1929ರ ಕಾದಂಬರಿ, ಬರೆದವರು ಲಾಯ್ಡ್ ಸಿ. ಡಗ್ಲಸ್ ಎಂಬ ಪಾದ್ರಿ. ದಾನ ಮಾಡಿದ್ದು ಯಾರಿಗೂ ಗೊತ್ತಾಗಬಾರದು ಎಂಬ, ಬೈಬಲ್ಲಿನ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ ಮಾತು ಅದರ ಬೇರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮಲ್ಲೂ ಹೇಳುತ್ತಾರಲ್ಲ, ಅದೇ. ಸತ್ತ ಡಾಕ್ಟರ್ ಹೀಗೆ ಗುಟ್ಟಾಗಿ ಕೊಟ್ಟು ಕೊಟ್ಟು ಆಸ್ಪತ್ರೆಯನ್ನೇ ಸಾಲದಲ್ಲಿ ಬಿಟ್ಟು ಹೋಗಿರುತ್ತಾರೆ. ಅವರಿಂದ ಉಪಕಾರ ಪಡೆದವರು ಒಬ್ಬೊಬ್ಬರಾಗಿ ಬಂದು ಹೆಲೆನ್‌ಗೆ ಹೇಳುವಾಗಲೇ ಗಂಡ ಎಂಥವನಿದ್ದ ಎಂಬುದು ಅವಳಿಗೆ ಪೂರ್ತಿ ತಿಳಿಯುವುದು. ಅಲ್ಲಿಯವರೆಗೆ ಚೆನ್ನಾಗಿದೆ. ಡಾಕ್ಟರ ಆ ಗೆಳೆಯ, ಚಿತ್ರಕಾರ ರಾಂಡಾಲ್ಫ್ ಬಂದು ಇದನ್ನೆಲ್ಲ ಬಾಬ್‌ಗೆ ವಿವರಿಸತೊಡಗಿದಾಗ ನನಗೆ ಆಕಳಿಕೆ. ಗುಟ್ಟಾಗಿ ಕೊಟ್ಟರೆ ನಿನಗೊಂದು ಶಕ್ತಿ ಬರುತ್ತದೆ ಎಂದು ಅವನು ಹೇಳುವಾಗ ದಾನ ಒಂದು ಹೂಡಿಕೆಯಾಗಿಬಿಡುತ್ತದೆ. ಈ ದಾರಿ ಮೊದಮೊದಲು ಹಿಡಿದವರಲ್ಲೊಬ್ಬ ಮೂವತ್ಮೂರನೇ ವಯಸ್ಸಿಗೆ ಶಿಲುಬೆಯ ಮೇಲೆ ಸತ್ತ ಎಂದು ಅವನೇ ಎಚ್ಚರಿಸುತ್ತಾನೆ, ಅದೊಂದು ಸಮಾಧಾನ.

ಈ ದಾನದ ಮಾತಿಗೆ ಸರಿಯಾದ ಪೆಟ್ಟು ಕೊಟ್ಟವಳು ನಮ್ಮ ಕ್ಲಾಸಿನ ಒಬ್ಬ ಹುಡುಗಿ. ವರ್ಷವಿಡೀ ಬಾಯಿ ಬಿಡದವಳು ಎದ್ದು ನಿಂತು, “ಕಣ್ಣು ಕಾಣದವಳ ಹತ್ರ ಸುಳ್ಳು ಹೆಸರು ಹೇಳೋದು ದಾನ ಅಲ್ಲ ಸಾರ್, ಮೋಸ” ಎಂದಳು. ಕೊಠಡಿ ತಣ್ಣಗಾಯಿತು. ಹೌದಲ್ಲ! ಗುಟ್ಟಾಗಿ ಸಹಾಯ ಮಾಡುವುದು, ಗುಟ್ಟಾಗಿ ಮೋಸ ಮಾಡುವುದು, ಎರಡಕ್ಕೂ ಬಾಬ್ ಬಳಸುವುದು ‘ರಾಬಿ’ ಎಂಬ ಒಂದೇ ಹೆಸರನ್ನು. ಗಂಡನ ಸಾವಿಗೆ ಕಾರಣನಾದವನ ತೋಳು ಹಿಡಿದು ತಾನು ನಡೆಯುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯದು ಎಂದೇ ನಾವು ಅಂದುಕೊಂಡಿರುತ್ತೇವೆ.

ಆಗ ಮೇಷ್ಟ್ರು ಕೇಳಿದ್ದು: “ಸರಿ ಕಣಮ್ಮ. ಹೆಲೆನ್ ಅವನನ್ನ ಕ್ಷಮಿಸಿದ್ದು ಯಾವ ಸೀನಲ್ಲಿ?”

ನಾವು ಕ್ಯಾಸೆಟ್ ಹಿಂದಕ್ಕೆ ಓಡಿಸಿದೆವು, ಮುಂದಕ್ಕೆ ಓಡಿಸಿದೆವು. ಸ್ವಿಟ್ಜರ್ಲೆಂಡಿನಲ್ಲಿ ಒಂದು ರಾತ್ರಿ. ಇಬ್ಬರೂ ಹಳ್ಳಿಯ ಹಬ್ಬಕ್ಕೆ ಹೋಗಿದ್ದಾರೆ, ಜನ ಮಾಟಗಾತಿಯ ಪ್ರತಿಕೃತಿ ಸುಡುತ್ತಿದ್ದಾರೆ, ಅವಳಿಗೆ ಕಾಣದ್ದನ್ನೆಲ್ಲ ಅವನು ಬಣ್ಣಿಸುತ್ತಿದ್ದಾನೆ. ಆ ರಾತ್ರಿಯೇ ಅವನು ನಿಜ ಹೇಳುವುದು. ಅವಳು ಬೆಚ್ಚುವುದಿಲ್ಲ. ತನಗೆ ಆಗಲೇ ಗೊತ್ತಿತ್ತು ಎನ್ನುತ್ತಾಳೆ. ಎಂದಿನಿಂದ? ಹೇಗೆ ಗೊತ್ತಾಯಿತು? ಗೊತ್ತಾದ ದಿನ ಅವಳು ಏನು ಮಾಡಿದಳು? ಸಿನಿಮಾ ಆ ದಿನವನ್ನು ತೋರಿಸಿಯೇ ಇಲ್ಲ. ಕ್ಷಮಿಸಿದ್ದೇನೆ ಎಂಬ ಮಾತನ್ನು ಕೇಳಲು ನಾವು ಕಾದು ಕೂತಿದ್ದರೆ, ಅದು ಯಾವಾಗಲೋ ನಮ್ಮ ಬೆನ್ನ ಹಿಂದೆ ನಡೆದು ಹೋಗಿದೆ. ದಡದಲ್ಲಿ ಅವಳು ನಕ್ಕಿದ್ದಾಗ ಗೊತ್ತಿತ್ತೇ? ಸ್ವಿಟ್ಜರ್ಲೆಂಡಿಗೆ ಹೊರಟಾಗ? ಹಾಗಿದ್ದರೆ ಕುರುಡರ ಆಟ ಆಡಿದವರು ಯಾರು, ಆಡಿಸಿದವರು ಯಾರು? ಇಡೀ ಮೊದಲ ಭಾಗವನ್ನು ಮತ್ತೆ ನೋಡಬೇಕಾಯಿತು. ಈ ಸಲ ಕೋರಸ್ ಕೊಡುವವರು ಇರಲಿಲ್ಲ. ಅಟೆಂಡರ್ ಬೀಗದ ಕೈ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತವನು ತಾನೂ ಒಳಗೆ ಬಂದು ಕೂತ.

ಎರಡನೇ ಸಲ ನೋಡುವಾಗ ನನಗೆ ಸಿಕ್ಕಿದ್ದು ಬಾಲ್ಕನಿಯ ದೃಶ್ಯ. ಇನ್ನು ಕಣ್ಣು ಬರುವುದಿಲ್ಲ ಎಂದು ತಜ್ಞರು ಹೇಳಿಯಾಗಿದೆ. ಹೆಲೆನ್ ರಾತ್ರಿ ಹೋಟೆಲ್ ಕೋಣೆಯಲ್ಲಿ ಒಬ್ಬಳೇ. ಕುರ್ಚಿ, ಗೋಡೆ, ಬಾಗಿಲು ಎಂದು ತಡವುತ್ತ ಬಾಲ್ಕನಿಗೆ ಬರುತ್ತಾಳೆ. ಕೈ ತಗುಲಿ ಕಟಕಟೆಯ ಮೇಲಿನ ಹೂಕುಂಡ ಕೆಳಗೆ ಬೀದಿಗೆ ಬೀಳುತ್ತದೆ. ಅಷ್ಟೇ. ಸಿನಿಮಾದ ತುಂಬ ಸುರಿಯುವ ಕಣ್ಣೀರಿಗಿಂತ ಆ ಕುಂಡ ಬೀಳುವ ಎತ್ತರ ದೊಡ್ಡದು. ಛಾಯಾಗ್ರಾಹಕ ರಸೆಲ್ ಮೆಟಿ ಅಲ್ಲಿ ಬಳಸಿದ ಕತ್ತಲೆ ಬಾಡಿಗೆ ಟಿ.ವಿ.ಯಲ್ಲೂ ಕತ್ತಲೆಯಾಗಿಯೇ ಕಂಡಿತ್ತು. ಜೇನ್ ವೈಮನ್ 1948ರ ಚಿತ್ರವೊಂದರಲ್ಲಿ ಕಿವಿ ಕೇಳದ, ಮಾತು ಬಾರದ ಹುಡುಗಿಯಾಗಿ ನಟಿಸಿ ಆಸ್ಕರ್ ಪಡೆದವರು. ಈ ಪಾತ್ರಕ್ಕೂ ನಾಮನಿರ್ದೇಶನವಾಗಿತ್ತು, ಪ್ರಶಸ್ತಿ ಬರಲಿಲ್ಲ.

ನಿರ್ದೇಶಕ ಸರ್ಕ್ ಯಾರೆಂದು ಓದಿಕೊಂಡದ್ದು ಕಾಲೇಜು ಬಿಟ್ಟ ಮೇಲೆ. 1897ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ ಜರ್ಮನ್. ಮೊದಲ ಹೆಸರು ಡೆಟ್ಲೆಫ್ ಸೀರ್ಕ್. ಗ್ರೀಕ್ ನಾಟಕ, ಷೇಕ್ಸ್‌ಪಿಯರ್ ಎಂದು ರಂಗಭೂಮಿಯಲ್ಲಿ ಬೆಳೆದವರು. ಮೊದಲ ಹೆಂಡತಿಯಿಂದ ಬೇರೆಯಾಗಿ ಯಹೂದಿ ನಟಿಯೊಬ್ಬಳನ್ನು ಮದುವೆಯಾದರು. ನಾಜಿ ಪಕ್ಷ ಸೇರಿದ್ದ ಮೊದಲ ಹೆಂಡತಿ ಮಗನನ್ನು ತಂದೆಗೆ ತೋರಿಸದಂತೆ ಮಾಡಿದಳು. ಆ ಹುಡುಗ ಬಾಲನಟನಾದ. ತಂದೆಗೆ ಮಗನ ಮುಖ ಕಾಣಬೇಕೆಂದರೆ ಸಿನಿಮಾ ಟಾಕೀಸಿಗೆ ಹೋಗಬೇಕಿತ್ತು. 1937ರಲ್ಲಿ ಸರ್ಕ್ ಜರ್ಮನಿ ಬಿಟ್ಟರು. 1944ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಮಗ ರಷ್ಯದ ವಿರುದ್ಧದ ಯುದ್ಧರಂಗದಲ್ಲಿ ಸತ್ತ. ಹತ್ತು ವರ್ಷದ ಮೇಲೆ ಇದೇ ತಂದೆ, ಮುಖವೇ ಕಾಣದ ಒಬ್ಬ ಸತ್ತವನ ಸುತ್ತ ಈ ಸಿನಿಮಾ ಮಾಡಿದ್ದು. ಎರಡಕ್ಕೂ ಗಂಟು ಹಾಕುವುದು ನನ್ನ ಊಹೆ, ಮೇಷ್ಟ್ರು ಇದ್ದಿದ್ದರೆ “ಸ್ಯಾಂಪಲ್ ಸೈಜು ಒಂದು ಕಣಯ್ಯಾ” ಎನ್ನುತ್ತಿದ್ದರು.

ಕಥೆಯ ಬಗ್ಗೆ ಸರ್ಕ್‌ಗೂ ಭ್ರಮೆ ಇರಲಿಲ್ಲ. 1935ರಲ್ಲಿ ಜಾನ್ ಸ್ಟಾಲ್ ಒಮ್ಮೆ ತೆರೆಗೆ ತಂದಿದ್ದನ್ನೇ ಸ್ಟುಡಿಯೋ ಮತ್ತೆ ಮಾಡು ಎಂದು ಕೊಟ್ಟಾಗ, ಕೈಗೆ ಬಂದದ್ದು ಕಸವೆಂದು ತಿಳಿದೂ ಅದರೊಳಗೆ ಹಳೆಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಆಲ್ಕೆಸ್ಟಿಸ್’ ನಾಟಕವನ್ನು ಕಂಡವರು ಅವರು. ಅಲ್ಲಿ ಗಂಡನ ಬದಲು ಹೆಂಡತಿ ಸಾಯುತ್ತಾಳೆ. ಇಲ್ಲಿ ಒಬ್ಬ ಬದುಕುವುದಕ್ಕೆ ಇನ್ನೊಬ್ಬ ಸಾಯಬೇಕಾಗುತ್ತದೆ. ಸಿನಿಮಾ ಭರ್ಜರಿಯಾಗಿ ಓಡಿತು, ರಾಕ್ ಹಡ್ಸನ್ ತಾರೆಯಾದರು. ಮರುವರ್ಷವೇ ಅದೇ ಜೋಡಿಯ ಇನ್ನೊಂದು ಚಿತ್ರ ಬಂತು. ವಿಮರ್ಶಕರು ಇವನ್ನೆಲ್ಲ ಹೆಂಗಸರ ಅಳುವಿನ ಸಿನಿಮಾ ಎಂದು ತಳ್ಳಿಹಾಕಿದ್ದರು. ಎಪ್ಪತ್ತರ ದಶಕದಲ್ಲಿ ಜರ್ಮನಿಯ ನಿರ್ದೇಶಕ ಫಾಸ್‌ಬಿಂಡರ್ ಸರ್ಕ್ ಬಗ್ಗೆ ಬರೆದು, ಅವರ ದಾರಿಯಲ್ಲೇ ಸಿನಿಮಾ ಮಾಡಿದ ಮೇಲೆ ವಿದ್ವಾಂಸರಿಗೂ ಇವು ಕಂಡವು. ಹಡ್ಸನ್‌ರದ್ದು ಇನ್ನೊಂದು ಕಥೆ. ಸಲಿಂಗಿ ಎಂಬುದನ್ನು ಸ್ಟುಡಿಯೋಗಳ ಕಾಲವಿಡೀ ಮುಚ್ಚಿಟ್ಟು ಬದುಕಿ, 1985ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ದಡದಲ್ಲಿ ಕೂತು ಬೇರೊಂದು ಹೆಸರಿನಲ್ಲಿ ಪ್ರೀತಿಸುವ ಆ ದೃಶ್ಯಗಳಲ್ಲಿ ಅವರು ಅಷ್ಟು ಹಗುರಾಗಿ ನಟಿಸಿದ್ದು ಹೇಗೆ ಎಂದು ಈಗ ನೋಡುವಾಗ ಆಶ್ಚರ್ಯವಾಗುತ್ತದೆ.

ಈಗ ಚಿತ್ರದ ಒಳ್ಳೆಯ ಡಿಜಿಟಲ್ ಪ್ರತಿ ಸಿಗುತ್ತದೆ. ನಮ್ಮ ಕ್ಯಾಸೆಟ್ ಎರಡೂ ಬದಿ ಕತ್ತರಿಸಿ ಎಸೆದಿದ್ದ ಅಗಲವೂ ಅದರಲ್ಲಿದೆ. ಸರೋವರ ಇಷ್ಟು ನೀಲಿ ಎಂದು ನನಗೆ ಗೊತ್ತೇ ಇರಲಿಲ್ಲ. ಹೆಲೆನ್ ಕ್ಷಮಿಸಿದ್ದು ಯಾವ ಸೀನಲ್ಲಿ ಎಂಬ ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಷ್ಟು ವರ್ಷವೂ ಬಾಲ್ಕನಿಯೇ ಆಗಿತ್ತು. ಅವತ್ತು ಮೋಸ ಎಂದವಳ ಜೊತೆ ಮೊನ್ನೆ ಫೋನಿನಲ್ಲಿ ಮಾತಾಡುವಾಗ ಹಾಗೆಂದೆ. ಈಗ ಅವಳೇ ಕಾಲೇಜೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಾಳೆ. “ಅದೆಲ್ಲ ಸುಳ್ಳು ಕಣೋ, ಅವಳು ಕ್ಷಮಿಸೇ ಇಲ್ಲ. ಕ್ಷಮಿಸಿದ್ರೆ ಯಾಕೆ ಓಡಿಹೋಗ್ತಿದ್ಲು?” ಎಂದಳು. ಹೊರೆಯಾಗಬಾರದೆಂದು ಚೀಟಿ ಬರೆದಿಟ್ಟು ಹೋಗಿದ್ದಾಳಲ್ಲ ಎಂದೆ. “ಚೀಟಿಯಲ್ಲಿ ಬರೆದದ್ದನ್ನೆಲ್ಲ ನಂಬ್ತೀಯಾ?” ಎಂದು ಕೇಳಿ, ಕ್ಲಾಸಿಗೆ ಹೊತ್ತಾಯಿತೆಂದು ಫೋನ್ ಇಟ್ಟಳು.